ನಕ್ಕಾಗ ಅಲ್ಲ, ನಿದ್ದೆಗೆಟ್ಟಾಗ ಕೇಳಿ

ಹೋದ ಶ್ರಾವಣದ ಒಂದು ಸೋಮವಾರ. ಸಾರಥಿ ಊರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ, ನೆಗೆಣ್ಣಿ ಸುಡುತ್ತಿದ್ದಳು. ಅವಳ ಮಗ ಶಾಲೆಯಲ್ಲಿ ನಡೆದದ್ದೇನನ್ನೋ ಅಭಿನಯಿಸಿ ತೋರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಂತಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ನೆಗೆಣ್ಣಿ ಒಲೆಯ ಉರಿ ಸಣ್ಣ ಮಾಡಿದಳು. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕತ್ತು ಚಾಚಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಗುಳಿಗಿ ತಗಂಡ್ಯೇನವ್ವಾ?”

ಅವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ಸಲ ನನ್ನನ್ನು ಬೀದಿಯಿಂದ ಕೈಹಿಡಿದು ಮನೆಗೆ ಕರೆತಂದವರು ಅವರು. ಹೆದರಿಕೆಯಿಂದ ಕೇಳಿದರು, ಪ್ರೀತಿಯಿಂದಲೂ ಕೇಳಿದರು. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಕ್ಕರೆ ಗುಳಿಗೆ, ಅತ್ತರೆ ಗುಳಿಗೆ, ತರಕಾರಿಯವನ ಜೊತೆ ಜಗಳವಾಡಿದರೆ ಗುಳಿಗೆ, ಹೊಸ ಸೀರೆ ಉಟ್ಟರೂ ಗುಳಿಗೆ. ನನ್ನ ಕಾಯಿಲೆ ಇಡೀ ಬದುಕಿನಲ್ಲಿ ನನ್ನಿಂದ ಕಿತ್ತುಕೊಂಡದ್ದು ಎಲ್ಲ ಸೇರಿ ಒಂದು ವರ್ಷವೂ ಆಗಲಾರದು. ಉಳಿದ ವರ್ಷಗಳನ್ನು ಕಿತ್ತುಕೊಳ್ಳುತ್ತಿರುವುದು ಈ ಅನುಮಾನ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನಗಿರುವುದು ಬೈಪೋಲಾರ್ ಕಾಯಿಲೆ. ಕನ್ನಡದ ಪುಸ್ತಕಗಳಲ್ಲಿ ದ್ವಿಧ್ರುವಿ ಅಸ್ವಸ್ಥತೆ ಎಂದೂ, ಹಳೆಯ ಪುಸ್ತಕಗಳಲ್ಲಿ ಉನ್ಮಾದ-ಖಿನ್ನತೆ ಎಂದೂ ಬರೆದಿರುತ್ತಾರೆ. ನಮ್ಮ ಊರಲ್ಲಿ ಇದಕ್ಕೆ ಹೆಸರಿಲ್ಲ. ಏರಿದಾಗ “ಗಾಳಿ ಸೋಕೈತಿ” ಅನ್ನುತ್ತಾರೆ, ಇಳಿದಾಗ “ಸೋಮಾರಿ” ಅನ್ನುತ್ತಾರೆ. ಏರಿದ್ದೂ ಇಳಿದದ್ದೂ ಒಂದೇ ಕಾಯಿಲೆ ಎಂಬುದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಎರಡರ ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನುಷ್ಯರು ಎಲ್ಲರಂತೆ ಚೆನ್ನಾಗಿರುತ್ತಾರೆ. ಬೆಳಗ್ಗೆ ಸಿಟ್ಟು, ಸಂಜೆ ನಗು ಇದ್ದವರನ್ನು ಈಗ ಹುಡುಗರು ತಮಾಷೆಗೆ ಬೈಪೋಲಾರ್ ಅನ್ನುವುದನ್ನು ಕೇಳಿದ್ದೇನೆ. ಅದು ಇದಲ್ಲ. ಉನ್ಮಾದ ಎನ್ನಬೇಕಾದರೆ ಅದು ಕಡಿಮೆಯೆಂದರೂ ಒಂದು ವಾರ ಇರಬೇಕು, ಖಿನ್ನತೆ ಎನ್ನಲು ಎರಡು ವಾರ. ಬಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮನುಷ್ಯರನ್ನು ಬಿಡುವುದಿಲ್ಲ.

ನನಗೆ ಅದು ಮೊದಲು ಬಂದದ್ದು 2003ರಲ್ಲಿ, ಮಗಳು ಹುಟ್ಟಿದ ಐದನೆಯ ದಿನ, ಮಲೇಬೆನ್ನೂರು ಕಡೆಯ ತವರುಮನೆಯಲ್ಲಿ. ಬಾಣಂತಿ ಕೋಣೆಯಲ್ಲಿ ಓಂಕಾಳಿನ ಹೊಗೆ, ಬಿಸಿನೀರು, ಬೆಳ್ಳುಳ್ಳಿ. ನಾಲ್ಕು ರಾತ್ರಿ ನಾನು ಮಲಗಿರಲಿಲ್ಲ. ಮಲಗಿಲ್ಲವೆಂದು ಗೊತ್ತಿತ್ತು, ಆದರೆ ದಣಿವೇ ಇರಲಿಲ್ಲ. ಕೂಸು ನಿದ್ದೆಹೋದ ಮೇಲೆ, ನಡುರಾತ್ರಿ ಎರಡು ಗಂಟೆಗೆ ಎದ್ದು, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಜ್ಜಿಯ ಕಾಲದ ಹಂಡೆ, ಕೊಡ, ತಂಬಿಗೆ. ಬೆಳಗಿನ ಹೊತ್ತಿಗೆ ಅಂಗಳದ ತುಂಬ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಹಸಿ ಬಾಣಂತಿ ನಾನು ತಣ್ಣೀರಲ್ಲಿ ಕೂತಿದ್ದೆ. ಅವ್ವ ಬಾಗಿಲು ತೆಗೆದು ನೋಡಿ ಬಾಯಿಗೆ ಸೆರಗು ಒತ್ತಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನಗೆ ಮಾತ್ರ ಆ ಬೆಳಗು ಬದುಕಿನಲ್ಲೇ ಅತ್ಯಂತ ಚೆಂದದ ಬೆಳಗಾಗಿ ಕಂಡಿತ್ತು. ಇದನ್ನು ಮುಚ್ಚಿಡದೆ ಹೇಳಬೇಕು. ಉನ್ಮಾದದ ಮೊದಲ ದಿನಗಳು ಒಳಗಿರುವವರಿಗೆ ಕಾಯಿಲೆಯಂತೆ ಕಾಣುವುದೇ ಇಲ್ಲ. ಎಲ್ಲ ಅರ್ಥವಾದಂತೆ, ಎಲ್ಲ ಕೈಗೆಟುಕಿದಂತೆ ಇರುತ್ತದೆ. “ನಿನಗೆ ಹುಷಾರಿಲ್ಲ” ಅಂದವರು ವೈರಿಗಳಾಗಿ ಕಾಣುತ್ತಾರೆ. ಒಂಬತ್ತನೆಯ ದಿನದ ಹೊತ್ತಿಗೆ ಈ ಕೂಸು ಲೋಕ ಉದ್ಧಾರಕ್ಕೆ ಹುಟ್ಟಿದೆ ಎಂದು ನಂಬಿದ್ದೆ, ಸ್ವಂತ ಅವ್ವನಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಓಣಿಯ ಹಿರಿಯರು ಅದನ್ನು ಬಾಣಂತಿ ಸನ್ನಿ ಅಂದರು. ಅವರು ತಪ್ಪು ಹೇಳಲಿಲ್ಲ. ಸಾವಿರ ಹೆರಿಗೆಗಳಲ್ಲಿ ಒಬ್ಬರಿಗೋ ಇಬ್ಬರಿಗೋ, ಸಾಮಾನ್ಯವಾಗಿ ಹೆರಿಗೆಯಾದ ಎರಡು ವಾರದೊಳಗೆ ಇದು ಬರುತ್ತದೆ. ಹೀಗೆ ಸನ್ನಿ ಬಂದವರಲ್ಲಿ ಹಲವರಿಗೆ ಒಳಗಿರುವುದು ಬೈಪೋಲಾರ್. ಹೆರಿಗೆ ಅದನ್ನು ಹೊರಗೆ ತರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲಿ ಶುರುವಾಯಿತು. ನನ್ನ ಕಾಲಕ್ಕೆ ಅದಿರಲಿಲ್ಲ. ನಾನು ಗುಣವಾಗುವವರೆಗೆ ಎರಡು ತಿಂಗಳು ಕೂಸು ಅವ್ವನ ಮಡಿಲಲ್ಲಿ ಬಾಟಲಿ ಹಾಲು ಕುಡಿಯಿತು. ಆ ಎರಡು ತಿಂಗಳು ನನಗೆ ಯಾವತ್ತೂ ವಾಪಸ್ ಸಿಗುವುದಿಲ್ಲ.

ಗುಣವಾಗುವ ಮುಂಚೆ ನನ್ನನ್ನು ಉಕ್ಕಡಗಾತ್ರಿಗೆ ಕರೆದುಕೊಂಡು ಹೋದರು. ನಮ್ಮ ಹರಿಹರ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ತುಂಗಭದ್ರೆಯ ದಂಡೆ, ಕರಿಬಸವೇಶ್ವರ ಅಜ್ಜಯ್ಯನ ಗದ್ದಿಗೆ, ಅಮಾವಾಸ್ಯೆಯ ಜನ, ಕೂದಲು ಬಿಚ್ಚಿಕೊಂಡು ಮೈದುಂಬಿ ಕೂಗುವ ಹೆಣ್ಣುಮಕ್ಕಳು. ಅಲ್ಲಿ ಹೊಳೆಯಲ್ಲಿ ಮೀಯಿಸಿದರು, ಹಣೆಗೆ ವಿಭೂತಿ ಹಚ್ಚಿದರು. ನನ್ನನ್ನು ಅಲ್ಲಿ ಯಾರೂ ಹುಚ್ಚಿ ಅನ್ನಲಿಲ್ಲ, ನೋಡಿ ನಗಲೂ ಇಲ್ಲ. ಅದನ್ನು ನಾನು ಮರೆಯುವುದಿಲ್ಲ. ಹಾಗಾಗಿ ಅಜ್ಜಯ್ಯನ ಹತ್ತಿರ ಹೋಗಬೇಡಿ ಎಂದು ನನ್ನ ಪೆನ್ನಿನಿಂದ ಬರುವುದಿಲ್ಲ. ನಾನು ಈಗಲೂ ಹೋಗುತ್ತೇನೆ, ಕಾಯಿ ಒಡೆಸುತ್ತೇನೆ. ಹೋಗುವಾಗ ಚೀಲದಲ್ಲಿ ಗುಳಿಗೆಯ ಡಬ್ಬಿ ಇರುತ್ತದೆ. ದೇವರಿಗೆ ಹರಕೆ, ದೇಹಕ್ಕೆ ಔಷಧ. ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಹೇಳುವವರು ಯಾರೇ ಆಗಲಿ, ಅವರ ಮಾತು ಕೇಳಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಖಾಸಗಿ ಆಶ್ರಯದಲ್ಲಿ ಸರಪಳಿ ಹಾಕಿ ಕಟ್ಟಿದ್ದ 28 ಮಂದಿ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಓಡಿಹೋಗಲು ಅವರಿಗೆ ಆಗಲಿಲ್ಲ. ಭಕ್ತಿ ಅವರನ್ನು ಕೊಲ್ಲಲಿಲ್ಲ. ಮನೆಯವರು ಇನ್ನೆಲ್ಲೂ ದಾರಿ ಕಾಣದೆ ಅಲ್ಲಿ ಬಿಟ್ಟುಬಂದದ್ದು, ಬಿಟ್ಟವರನ್ನು ಕಟ್ಟಿಹಾಕಿದ್ದು ಕೊಂದಿತು.

ದಾವಣಗೆರೆಯ ವೈದ್ಯರೊಬ್ಬರ ಔಷಧದಿಂದ ನಾನು ಹುಷಾರಾದೆ. ಆಗ ಎರಡೂ ಮನೆಯವರು ಕೂಡಿ ತೀರ್ಮಾನ ಮಾಡಿದರು: ಇದನ್ನು ಯಾರ ಮುಂದೆಯೂ ಎತ್ತಬಾರದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ತೀರ್ಮಾನ ಅದು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಊರಲ್ಲಿ ನಾಲ್ಕು ಜನ ಕೈಮುಗಿಯುವ ಕೆಲಸ. ಆ ಮೌನಕ್ಕೆ ನಾವು ಎಷ್ಟು ಬೆಲೆ ತೆತ್ತೆವು ಎಂಬುದನ್ನು ಹೇಳಬೇಕು.

2006ರ ಕೊನೆಯಲ್ಲಿ ಖಿನ್ನತೆ ಬಂತು. ಅದರ ಬಗ್ಗೆ ಉದ್ದಕ್ಕೆ ಬರೆಯುವ ಶಕ್ತಿ ನನಗಿಲ್ಲ. ಬಚ್ಚಲಿಗೆ ಹೋಗಿ ತಂಬಿಗೆ ಹಿಡಿದುಕೊಂಡು ಅರ್ಧ ಗಂಟೆ ಸುಮ್ಮನೆ ನಿಂತಿರುತ್ತಿದ್ದೆ, ನೀರು ಎತ್ತಿ ಹಾಕಿಕೊಳ್ಳುವುದೇ ಬೆಟ್ಟ ಹೊತ್ತಷ್ಟು ಕಷ್ಟ. ಬದುಕು ಬೇಡವೆನಿಸಿದ ದಿನಗಳೂ ಇದ್ದವು. ಒಬ್ಬ ವೈದ್ಯರ ಹತ್ತಿರ ಹೋದೆವು. ಅವರು ನನ್ನ ಬಾಡಿದ ಮುಖ ನೋಡಿದರು, ಖಿನ್ನತೆಗೆ ಗುಳಿಗೆ ಬರೆದರು. ಮೊದಲು ಇದಕ್ಕೆ ತಿರುಗುಮುರುಗಾದದ್ದು ಯಾವತ್ತಾದರೂ ಆಗಿತ್ತೇ ಎಂದು ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ. ಹೇಳಬಾರದೆಂದು ಮನೆಯಲ್ಲಿ ಮಾತಾಗಿತ್ತಲ್ಲ. ಒಳಗೆ ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಗುಳಿಗೆಯನ್ನಷ್ಟೇ ಕೊಟ್ಟರೆ ಅದು ಕೆಲವರನ್ನು ಉನ್ಮಾದದ ಕಡೆ ಎತ್ತಿ ಎಸೆಯುತ್ತದೆ. ನನ್ನನ್ನು ಎಸೆಯಿತು. ಮೂರನೆಯ ವಾರ ನಾನು ಬೆಳಗ್ಗೆ ನಾಲ್ಕಕ್ಕೇ ಎದ್ದು ಹಾಡುತ್ತಿದ್ದೆ. ಸೊಸೈಟಿಯಲ್ಲಿ 1 ಲಕ್ಷ 20 ಸಾವಿರ ಸಾಲ ತೆಗೆದೆ, ಬಡಮಕ್ಕಳಿಗೆ ವಸತಿಶಾಲೆ ಕಟ್ಟಲು. ದಾವಣಗೆರೆಯ ಮಂಡಿಪೇಟೆಗೆ ಹೋಗಿ ಹುಟ್ಟಲಿರುವ ಆ ಶಾಲೆಯ ಶಿಕ್ಷಕಿಯರಿಗೆಂದು ಹದಿನಾಲ್ಕು ಸೀರೆ ಕೊಂಡೆ. ಹದಿನಾಲ್ಕೂ ಒಂದೇ ಬಣ್ಣ, ತಿಳಿ ನೀಲಿ. ಅಂಗಡಿಯವರು ಸಂತೋಷದಿಂದ ಕಟ್ಟಿಕೊಟ್ಟರು, ಅವರಿಗೇನು ಗೊತ್ತು. ಸಾಲ ತೀರಲು ನಮ್ಮನೆಯವರು ನಾಲ್ಕು ವರ್ಷ ಭತ್ತ ಮಾರಿದ ದುಡ್ಡು ಕಟ್ಟಿದರು. ಆ ಸೀರೆಗಳಲ್ಲಿ ಒಂದನ್ನು ಅತ್ತೆ ಈಗಲೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಯಾಕೆಂದು ನಾನು ಕೇಳಿಲ್ಲ.

ಬೈಪೋಲಾರ್ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಆಗ, ಮೊದಲ ಉನ್ಮಾದದ ನಾಲ್ಕು ವರ್ಷದ ಮೇಲೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಕಾಯಿಲೆಯ ನೂರು ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ 70 ಮಂದಿಯ ಮನೆಗಳನ್ನು ನಾನು ಊಹಿಸಬಲ್ಲೆ. ಎಲ್ಲ ಮನೆಯಲ್ಲೂ ಒಂದು ಮುಚ್ಚಿದ ಮಾತು ಇರುತ್ತದೆ.

ತ್ರಿವೇಣಿಯವರ ‘ಶರಪಂಜರ’ ಓದಿದವರಿಗೆ, ಪುಟ್ಟಣ್ಣನವರ ಸಿನಿಮಾದಲ್ಲಿ ಕಲ್ಪನಾ ಅವರನ್ನು ಕಂಡವರಿಗೆ ಕಾವೇರಿಯ ಕಥೆ ಗೊತ್ತು. ಅವಳಿಗೂ ಬಾಣಂತನದಲ್ಲೇ ಬಂದದ್ದು. ಆಸ್ಪತ್ರೆಯಲ್ಲಿ ಗುಣವಾಗಿ ಬಂದ ಕಾವೇರಿಯನ್ನು ಮನೆ ನಂಬುವುದಿಲ್ಲ, ಅದೇ ಅವಳನ್ನು ಮುರಿಯುತ್ತದೆ. ನಮ್ಮ ಹಿರಿಯರು ಆ ಸಿನಿಮಾ ನೋಡಿ ಅತ್ತದ್ದನ್ನು ಕೇಳಿದ್ದೇನೆ. ಅತ್ತು ಹೊರಬಂದವರು ತಮ್ಮ ಮನೆಯ ಕಾವೇರಿಯನ್ನು ನೋಡಲಿಲ್ಲವೆನಿಸುತ್ತದೆ.

ನಾನು ನುಂಗುವ ಗುಳಿಗೆ ಲಿಥಿಯಂ, ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅದು ಒಂದು ಬಗೆಯ ಲವಣ. ಜಾನ್ ಕೇಡ್ ಎಂಬ ಆಸ್ಟ್ರೇಲಿಯಾದ ವೈದ್ಯರು 1949ರಲ್ಲಿ ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು ನೋಡಿ ವರದಿ ಬರೆದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು ಬಂದವರು ಅವರು. ಇಷ್ಟು ವರ್ಷಗಳ ಮೇಲೂ ಈ ಕಾಯಿಲೆ ಮರುಕಳಿಸದಂತೆ ತಡೆಯುವ ಔಷಧಗಳಲ್ಲಿ ಅದು ಮುಂದಿದೆ, ಆತ್ಮಹತ್ಯೆಯ ಅಪಾಯವನ್ನೂ ಇಳಿಸುತ್ತದೆ. ದುಬಾರಿ ಔಷಧವಲ್ಲ. ನಾನು ರಾತ್ರಿ ಊಟವಾದ ಮೇಲೆ 300 ಮಿಲಿಗ್ರಾಂನ ಮೂರು ಗುಳಿಗೆ ನುಂಗುತ್ತೇನೆ. ಎಲ್ಲರಿಗೂ ಇದೇ ಹೊಂದಬೇಕೆಂದಿಲ್ಲ, ಬೇರೆ ಔಷಧಗಳೂ ಇವೆ. ಆದರೆ ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು: ಈ ಕಾಯಿಲೆಗೆ ಕೊಡುವ ವ್ಯಾಲ್‌ಪ್ರೊಯೇಟ್ ಎಂಬ ಔಷಧ ಬಸುರಿನಲ್ಲಿ ಮಗುವಿನ ಬೆನ್ನುಹುರಿಗೆ, ಬುದ್ಧಿಶಕ್ತಿಗೆ ಪೆಟ್ಟು ಕೊಡಬಲ್ಲದು. ಮದುವೆಗೆ ಮೊದಲೇ, ಮಗುವಿನ ಯೋಚನೆಗೆ ಮೊದಲೇ ವೈದ್ಯರ ಜೊತೆ ಮಾತಾಡಿ. ಹೆದರಿ ತಾವಾಗಿಯೇ ಗುಳಿಗೆ ನಿಲ್ಲಿಸಬೇಡಿ.

ಲಿಥಿಯಂ ಲೆಕ್ಕದ ಔಷಧ. ರಕ್ತದಲ್ಲಿ ಅದು 0.6ರಿಂದ 1.0ರ ನಡುವೆ ಇರಬೇಕು. ಕಡಿಮೆಯಾದರೆ ಕೆಲಸ ಮಾಡದು, ಹೆಚ್ಚಾದರೆ ವಿಷ. ರಾತ್ರಿಯ ಗುಳಿಗೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಥೈರಾಯಿಡ್, ಕಿಡ್ನಿ ಪರೀಕ್ಷೆಯನ್ನೂ ಆಗಾಗ ಮಾಡಿಸಬೇಕು. 2016ರ ಮಾರ್ಚ್‌ನಲ್ಲಿ ನಾನು ಆ ಲೆಕ್ಕ ತಪ್ಪಿದೆ. ನಮ್ಮ ಕಡೆ ಬಿಸಿಲು ಹೇಗೆಂದು ನಿಮಗೆ ಗೊತ್ತು. ಎರಡು ದಿನ ವಾಂತಿ-ಭೇದಿ. ಮಂಡಿನೋವಿಗೆಂದು ಔಷಧಿ ಅಂಗಡಿಯೊಂದರಲ್ಲಿ ಕೇಳಿ ಐಬುಪ್ರೊಫೆನ್ ತಂದು ನುಂಗುತ್ತಿದ್ದೆ. ಮೂರನೆಯ ದಿನ ಶಾಲೆಗೆ ಹೋದೆ. ಒಂದನೆಯ ತರಗತಿಯ ಹಲಗೆಯ ಮೇಲೆ ‘ಅ’ ಬರೆಯಲು ಸೀಮೆಸುಣ್ಣ ಎತ್ತಿದರೆ ಕೈ ನಡುಗಿತು. ಸಣ್ಣ ನಡುಕ ಲಿಥಿಯಂ ತೆಗೆದುಕೊಳ್ಳುವವರಿಗೆ ಅಭ್ಯಾಸವಾಗಿರುತ್ತದೆ. ಇದು ಹಾಗಿರಲಿಲ್ಲ, ತೋಳಿನಿಂದಲೇ ಕೈ ಹಾರುತ್ತಿತ್ತು. ಅಕ್ಷರ ಮುರಿದು ಹಲಗೆಯ ಅಂಚಿಗೆ ಓಡಿತು, ಸುಣ್ಣದ ಕಡ್ಡಿ ಬಿದ್ದು ಮೂರು ತುಂಡಾಯಿತು. ಮುಂದಿನ ಸಾಲಿನ ಹುಡುಗಿ ಆ ತುಂಡುಗಳನ್ನು ಹೆಕ್ಕಿ ನನ್ನ ಕೈಗೆ ಕೊಟ್ಟು, “ಟೀಚರ್, ಕುಂದ್ರ್ರಿ” ಅಂದಳು. ಕೂತವಳು ಏಳಲಾಗಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ರಕ್ತ ನೋಡಿದಾಗ 1.9 ಇತ್ತು.

ಆಮೇಲೆ ಗೊತ್ತಾಯಿತು: ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್‌ನಂಥ ನೋವಿನ ಗುಳಿಗೆಗಳೂ ಅದನ್ನು ಏರಿಸುತ್ತವೆ, ಕೆಲವು ಬಿಪಿ ಗುಳಿಗೆಗಳೂ ಏರಿಸುತ್ತವೆ. ಈಗ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಮಜ್ಜಿಗೆಯ ಕೊಡ ಖಾಲಿಯಾಗುವುದಿಲ್ಲ. ಉಪ್ಪು ಬಿಟ್ಟು ಮಾಡುವ ಸೋಮವಾರದ ಉಪವಾಸವನ್ನು ಬಿಟ್ಟಿದ್ದೇನೆ. ಹರಿಹರದ ನನ್ನ ಸಹೋದ್ಯೋಗಿಯೊಬ್ಬರ ಅಣ್ಣನಿಗೂ ಇದೇ ಔಷಧ. ಅವರು ರಂಜಾನ್ ತಿಂಗಳಿಗೆ ಮೊದಲೇ ವೈದ್ಯರ ಹತ್ತಿರ ಹೋಗಿ ರೋಜಾದ ಬಗ್ಗೆ ಮಾತಾಡಿ ಬರುತ್ತಾರೆ.

ನಾನು ಇನ್ನೊಂದು ತಪ್ಪನ್ನೂ ಮಾಡಿದೆ, ಅದಕ್ಕೂ ಮೊದಲು, 2011ರಲ್ಲಿ. ನಾಲ್ಕು ವರ್ಷ ಚೆನ್ನಾಗಿದ್ದೆ. ಚೆನ್ನಾಗಿದ್ದದ್ದೇ ಗುಳಿಗೆ ಬಿಡಲು ಕಾರಣವಾಯಿತು. ಶಾಸ್ತ್ರ ಹೇಳುವವರೊಬ್ಬರು “ನಿನ್ನ ಕಂಟಕ ಕಳೆದೈತಿ, ಇನ್ನ ಆ ವಿಷ ಯಾಕ?” ಅಂದರು. ನನ್ನ ಮನಸ್ಸು ಕಾಯುತ್ತಿದ್ದ ಮಾತನ್ನೇ ಅವರು ಹೇಳಿದ್ದರು, ಹಾಗಾಗಿ ಅವರನ್ನಷ್ಟೇ ದೂರುವುದಿಲ್ಲ. ಒಂದೇ ದಿನಕ್ಕೆ ನಿಲ್ಲಿಸಿದೆ. ಹೀಗೆ ಏಕಾಏಕಿ ನಿಲ್ಲಿಸಿದರೆ ಉನ್ಮಾದ ಇನ್ನೂ ರಭಸದಿಂದ ಬರಬಹುದು. ಎಂಟನೆಯ ವಾರ ಅತ್ತೆ ನನ್ನನ್ನು ಬಸ್ ನಿಲ್ದಾಣದಿಂದ ಕರೆತಂದರು.

ಆ ಸಲ ಗುಣವಾದ ಮೇಲೆ, 2012ರ ಯುಗಾದಿ ಮುಗಿದ ಒಂದು ಸಂಜೆ, ನಾನೂ ನಮ್ಮನೆಯವರೂ ಮಗಳ ಕಾಪಿ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ಕೂತೆವು. ಮದುವೆಯಾದ ಮೇಲೆ ನಾವಿಬ್ಬರೂ ನನ್ನ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಮಾತಾಡಿದ್ದೆಲ್ಲ ಕಾಯಿಲೆಯ ನಡುವೆ, ಕೂಗಾಟದಲ್ಲಿ. ನನ್ನ ಲೇಖನದ ಮಾತೆಲ್ಲ ಆ ಹಾಳೆಯಲ್ಲಿದೆ. ಹುಷಾರಿಲ್ಲದಾಗ ಏನು ಮಾಡಬೇಕೆಂಬುದನ್ನು ಹುಷಾರಾಗಿದ್ದಾಗ, ಹುಷಾರಾಗಿರುವವರೇ ಹೇಳಬೇಕು, ಮನೆಯವರು ಬರೆದುಕೊಳ್ಳಬೇಕು.

ನಾನು ಹೇಳಿದೆ, ಅವರು ಬರೆದರು. ಎರಡು ರಾತ್ರಿ ಸತತವಾಗಿ ಐದು ಗಂಟೆಗಿಂತ ಕಡಿಮೆ ಮಲಗಿಯೂ ನನಗೆ ದಣಿವಿಲ್ಲದಿದ್ದರೆ ಮೂರನೆಯ ಬೆಳಗ್ಗೆ ದಾವಣಗೆರೆಗೆ ಹೋಗಬೇಕು, ಆಗ ನಾನು ಏನೇ ವಾದ ಮಾಡಲಿ, ಈ ಹಾಳೆಯ ಮಾತೇ ನನ್ನ ಮಾತು. ಆ ಬೆಳಗ್ಗೆಯೇ ಎಟಿಎಂ ಕಾರ್ಡ್ ಅವರ ಕೈಗೆ. ಮನೆಯಲ್ಲಿ ನೆಂಟರು, ಟಿವಿ, ಜಗಳ ಬೇಡ, ಕೋಣೆ ಕತ್ತಲಿರಲಿ. ನನ್ನ ಜೊತೆ ವಾದಕ್ಕೆ ಇಳಿಯಬೇಡಿ. ಕಟ್ಟಬೇಡಿ. ಖಿನ್ನತೆ ಬಂದಾಗ “ಧೈರ್ಯ ತಗೋ, ಎಲ್ಲಾರಿಗೂ ಕಷ್ಟ ಇರ್ತಾವೆ” ಅನ್ನಬೇಡಿ. ತಲೆಗೆ ಎರೆದು, ಕೈಹಿಡಿದು ಕಾಲುವೆಯವರೆಗೆ ನಡೆಸಿಕೊಂಡು ಬನ್ನಿ, ಮಾತಾಡದಿದ್ದರೂ ಆದೀತು. ಇದನ್ನು ಬರೆಯುವಾಗ ಅವರ ಕೈ ನಿಂತಿತು. “ಇದನ್ನ ಆವತ್ತೇ ಹೇಳಿದ್ರೆ ನಾನು ಮಾಡ್ತಿದ್ನಲ್ಲೇ” ಅಂದರು. ಆವತ್ತು ನನಗೆ ಹೇಳುವ ಬಾಯಿ ಇರಲಿಲ್ಲ.

ಭದ್ರಾ ಡ್ಯಾಮಿನಿಂದ ನೀರು ಬಿಡುವ ಮುಂಚೆ ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಬರುತ್ತದೆ. ದನಕರು, ಪಂಪ್‌ಸೆಟ್ಟು ಮೇಲಕ್ಕೆ ಸಾಗಿಸಿಕೊಳ್ಳುತ್ತಾರೆ. ನೀರು ಬಂದ ಮೇಲೆ ಯಾರೂ ಹೊಳೆಯ ಜೊತೆ ವಾದ ಮಾಡುವುದಿಲ್ಲ. ನನ್ನ ಕಾಯಿಲೆಯಲ್ಲಿ ಆ ಎಚ್ಚರಿಕೆ ಕೊಡುವುದು ನಿದ್ದೆ. ನಗುವಲ್ಲ, ಸಿಟ್ಟಲ್ಲ, ಹೊಸ ಸೀರೆಯಲ್ಲ. ಇನ್ನೊಬ್ಬರಿಗೆ ಅದು ಬೇರೆ ಇರಬಹುದು, ಕೆಲವರಿಗೆ ಖರ್ಚು, ಕೆಲವರಿಗೆ ಎಡೆಬಿಡದ ಫೋನು. ಯಾವುದೆಂದು ಅವರನ್ನೇ ಕೇಳಿ. ನಾವು ಹಾಳೆ ಬರೆದ ಮೇಲೆ ಎರಡು ಸಲ ನಿದ್ದೆ ಕೆಟ್ಟಿತು, ಎರಡೂ ಸಲ ಮೂರನೆಯ ಬೆಳಗ್ಗೆ ದಾವಣಗೆರೆಯ ಬಸ್ಸಿನಲ್ಲಿದ್ದೆವು. ಎರಡೂ ಸಲ ಆಸ್ಪತ್ರೆಯಲ್ಲಿ ಮಲಗದೆ, ರಜೆಯ ವಾರವೊಂದರಲ್ಲಿ ಮುಗಿಯಿತು.

ನಾವು ಮನೆಯಲ್ಲಿ ತಿಳಿಯದೆ ಮಾಡಿದ್ದನ್ನು ಈಗ ಕಾನೂನೇ ಹೇಳುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು, 2018ರಲ್ಲಿ ಜಾರಿಯಾಯಿತು. ನಾಳೆ ನನಗೆ ತಿಳಿವಳಿಕೆ ತಪ್ಪಿದರೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಎಂದು ಇವತ್ತೇ ಬರೆದಿಡುವ ಹಕ್ಕು ಅದರಲ್ಲಿದೆ. ಅದಕ್ಕೆ ಮುಂಗಡ ನಿರ್ದೇಶನ ಅನ್ನುತ್ತಾರೆ. ನನ್ನ ಪರವಾಗಿ ಮಾತಾಡಲು ಒಬ್ಬರನ್ನು ಹೆಸರಿಸಲು ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ, ಹೆಬ್ಬೆಟ್ಟು ಒತ್ತಿದರೂ ಸಾಕು. ಸರಪಳಿ ಹಾಕುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಸಂಕಟದಲ್ಲಿದ್ದವರೆಂದು ನೋಡಬೇಕು, ಶಿಕ್ಷಿಸಬಾರದು ಎಂದಿದೆ. ಇಷ್ಟು ಒಳ್ಳೆಯ ಮಾತುಗಳು ನಮ್ಮ ಹಳ್ಳಿಗಳಿಗೆ ತಲುಪಿಲ್ಲ. ರೇಷನ್ ಕಾರ್ಡಿನ ಅರ್ಜಿ ತುಂಬಿಸಿಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ಮುಂಗಡ ನಿರ್ದೇಶನ ಬರೆಸಿಕೊಡುವವರು ನನಗೆ ಇದುವರೆಗೆ ಸಿಕ್ಕಿಲ್ಲ.

ದಾರಿ ತೋರಿಸಿದ್ದು ಆಗ ನಮ್ಮ ನೆರೆಯ ಜಿಲ್ಲೆಯಾಗಿದ್ದ ಬಳ್ಳಾರಿಯೇ. 1985ರಿಂದ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಗುಳಿಗೆ ಸಿಗುವಂತೆ ಮಾಡಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ. ಜೀವ ಬೇಡವೆನಿಸಿದವರು ಈ ಸಾಲು ಓದುತ್ತಿದ್ದರೆ ಪತ್ರಿಕೆ ಮಡಚುವ ಮುಂಚೆ ಆ ನಂಬರಿಗೆ ಮಾಡಿ. ನಾನು ಕೇಳುವುದು ಇನ್ನು ಎರಡೇ. ಸಕ್ಕರೆ ಕಾಯಿಲೆಯ ರಕ್ತದಂತೆ ಲಿಥಿಯಂ ಪರೀಕ್ಷೆಯ ರಕ್ತವನ್ನೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದುಕೊಳ್ಳಲಿ. ಪರೀಕ್ಷೆ ದಾವಣಗೆರೆಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಓಡಾಡಬೇಕಾದದ್ದು ರಕ್ತದ ಶೀಸೆ, ಕೂಲಿ ಬಿಟ್ಟು ಬರುವ ಮನುಷ್ಯರಲ್ಲ. ಮತ್ತೆ, ತಾಯಿ ಕಾರ್ಡಿನಲ್ಲಿ ರಕ್ತಹೀನತೆ, ಬಿಪಿ ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯರು ಇನ್ನೂ ಒಂದು ಪ್ರಶ್ನೆ ಕೇಳಲಿ: ನಿಮಗಾಗಲಿ, ನಿಮ್ಮ ಅವ್ವನಿಗಾಗಲಿ, ಅಕ್ಕತಂಗಿಗಾಗಲಿ ಬಾಣಂತಿ ಸನ್ನಿ ಆಗಿತ್ತೇ? ಈ ಪ್ರಶ್ನೆಗೆ ಹೌದು ಅಂದವರ ಹೆರಿಗೆಯ ಮೊದಲ ಎರಡು ವಾರ ಯಾರಾದರೂ ಅವರ ನಿದ್ದೆಯ ಮೇಲೆ ಕಣ್ಣಿಟ್ಟಿರಬೇಕು.

ಶ್ರಾವಣದ ಆ ರಾತ್ರಿಯ ಮೇಲೆ ನಮ್ಮ ಹಾಳೆಗೆ ಒಂದು ಸಾಲು ಸೇರಿತು. ಅತ್ತೆಗೆ ಓದಲು ಬರುವುದಿಲ್ಲ, ಮಗಳು ಓದಿ ಹೇಳಿದಳು: ಅವ್ವ ನಕ್ಕಾಗ ಗುಳಿಗೆಯ ಮಾತು ಬೇಡ, ಬೆಳಗ್ಗೆ ಚಹಾ ಕೊಡುವಾಗ “ಎಷ್ಟೊತ್ತಿಗೆ ಮಲಗಿದ್ದೆ, ಎಷ್ಟೊತ್ತಿಗೆ ಎಚ್ಚರಾತು” ಅಂತ ಕೇಳಿದರೆ ಸಾಕು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಚಹಾ ನಾನೇ ಕೊಡ್ತೀನಿ” ಅಂದರು. ಅವತ್ತಿನಿಂದ ಅವರೇ ಕೊಡುತ್ತಾರೆ, ಅವರೇ ಕೇಳುತ್ತಾರೆ. ನಾನು ನಿಜ ಹೇಳುತ್ತೇನೆ.

ಮಗಳಿಗೆ ಈಗ ಮದುವೆಯ ವಯಸ್ಸು. ತಾಯಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಆದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಹೋದ ತಿಂಗಳು ಹೊನ್ನಾಳಿ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಜನ, ಹುಡುಗ ಬ್ಯಾಂಕಿನಲ್ಲಿದ್ದಾನೆ. ಉಪ್ಪಿಟ್ಟು, ಚಹಾ ಆದ ಮೇಲೆ ಹುಡುಗನ ತಾಯಿಯನ್ನು ಒಳಗೆ ಕರೆದುಕೊಂಡು ಹೋಗಿ, ನನ್ನ ಕಾಯಿಲೆಯ ಹೆಸರು, ಅದು ಬಂದ ವರ್ಷಗಳು, ನಾನು ನುಂಗುವ ಗುಳಿಗೆ ಎಲ್ಲ ಹೇಳಿದೆ. ಹೇಳಬಾರದಿತ್ತೆಂದು ನಮ್ಮ ಅಣ್ಣ ಈಗಲೂ ಸಿಟ್ಟಾಗಿದ್ದಾನೆ. 2006ರಲ್ಲಿ ಹೇಳದೆ ಇದ್ದುದಕ್ಕೆ ಏನಾಯಿತೆಂದು ಅವನಿಗೂ ಗೊತ್ತು. ನಾಳೆ ನನ್ನ ಮಗಳು ಹಡೆದಾಗ, ಐದನೆಯ ರಾತ್ರಿ ಅವಳ ಪಕ್ಕದಲ್ಲಿ ಕೂತಿರುವವರಿಗೆ ಏನನ್ನು ನೋಡಬೇಕೆಂಬುದು ತಿಳಿದಿರಬೇಕು. ಆ ತಾಯಿ ಎಲ್ಲ ಕೇಳಿಸಿಕೊಂಡರು. ಹೊರಡುವಾಗ ನನ್ನ ಕೈಹಿಡಿದು, “ನಮ್ಮ ತಂಗಿಗೂ ಹಿಂಗಾ ಆಗಿತ್ರೀ, ನಾವು ಯಾರಿಗೂ ಹೇಳಿಲ್ಲ” ಅಂದರು.

ಅವರಿಂದ ಇನ್ನೂ ಫೋನ್ ಬಂದಿಲ್ಲ. ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ರಾತ್ರಿ ಹತ್ತೂವರೆಗೆ ನಾನು ದೀಪ ಆರಿಸುವಾಗ ಅವಳ ಕೋಣೆಗೂ ಹೋಗಿ ಪುಸ್ತಕ ಮುಚ್ಚಿಸಿ ಬರುತ್ತೇನೆ.